ವಿಚಾರಣೆ ಗುರುಮಲ್ಲಪ್ಪನವರ ಬೀಚು

ಕೊಳ್ಳೇಗಾಲದ ಬಸ್ ನಿಲ್ದಾಣದ ವಿಚಾರಣೆ ಕಿಂಡಿಯ ಹಿಂದೆ ಗುರುಮಲ್ಲಪ್ಪನವರು ಎಷ್ಟು ಕಾಲದಿಂದ ಕೂತಿದ್ದರೆಂದರೆ, ಊರಿನವರು ಅವರನ್ನು ವಿಚಾರಣೆ ಗುರುಮಲ್ಲಪ್ಪ ಎಂದೇ ಕರೆಯುತ್ತಿದ್ದರು. ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದವರಿಗೆ ಅಷ್ಟನ್ನೇ ಹೇಳಿ ಕಳಿಸುವುದು ಅವರ ಜಾಯಮಾನದಲ್ಲೇ ಇಲ್ಲ. ಯಳಂದೂರಿಗೆ ಹೋಗುವವರಿಗೆ ಬಳೆ ಮಂಟಪದ ಕಲ್ಲಿನ ಬಳೆಗಳನ್ನು ನೋಡದೆ ಬರಬೇಡಿ ಎನ್ನುವರು. ಮಾದಪ್ಪನ ಬೆಟ್ಟಕ್ಕೆ ಹೊರಟವರನ್ನು ತಾಳಬೆಟ್ಟದಲ್ಲೇ ಇಳಿದು ನಡೆದುಕೊಂಡು ಹೋಗುವಂತೆ ಹುರಿದುಂಬಿಸುವರು. ಸತ್ತೇಗಾಲದ ಕಡೆಯವರಿಗೆ ಹೊಳೆಮೀನನ್ನು ಯಾರ ಕೈಯಲ್ಲಿ ಹುರಿಸಿ ತಿನ್ನಬೇಕು ಎಂದೂ, ಮಾರ್ಟಳ್ಳಿಯ ಕಡೆಯವರಿಗೆ ಅಲ್ಲಿನ ಮನೆಗಳಲ್ಲಿ ಕ್ರಿಸ್‌ಮಸ್ಸಿಗೆಂದು ಮಾಡುವ ದ್ರಾಕ್ಷಿ ವೈನು ಗಂಟಲಿನಲ್ಲಿ ಹೇಗೆ ಇಳಿಯುತ್ತದೆ ಎಂದೂ ಬಾಯಿ ಚಪ್ಪರಿಸಿ ವಿವರಿಸುವರು. ಹಿಂದೆ ನಿಂತವರ ಬಸ್ಸು ಅಷ್ಟರಲ್ಲಿ ಹೊರಟುಹೋಗಿರುತ್ತಿತ್ತು.

ಇಷ್ಟೆಲ್ಲದರಲ್ಲಿ ಅವರು ಖುದ್ದಾಗಿ ಕಂಡದ್ದು ಬಳೆ ಮಂಟಪ ಒಂದೇ. ಲಿಂಗ ಕಟ್ಟಿದ ಮನೆತನ. ಮೀನು ಹಾಗಿರಲಿ, ಮೊಟ್ಟೆ ಹಾಕಿದ್ದಾರೆಂಬ ಅನುಮಾನಕ್ಕೆ ಬೇಕರಿಯ ಕೇಕನ್ನೂ ಮುಟ್ಟದವರು. ವೈನಿನ ಮಾತಿರಲಿ, ಕೆಮ್ಮಿನ ಔಷಧಿ ಕುಡಿದರೂ ತಲೆ ತಿರುಗಿ ಮಲಗುವ ಆಸಾಮಿ. ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹೋಗುವುದು ನಿಜ, ಆದರೆ ಕಿಟಕಿ ಪಕ್ಕದ ಸೀಟಿನಲ್ಲಿ. ಕಂಡಕ್ಟರುಗಳು ಅಲ್ಲಿ ಇಲ್ಲಿ ಉಂಡು, ಕುಡಿದು, ಅಲೆದು ಬಂದು ಟೀ ಅಂಗಡಿಯಲ್ಲಿ ಹೇಳಿದ್ದನ್ನು ಇವರು ಕಿಂಡಿಯಲ್ಲಿ ಬಿಸಿಬಿಸಿಯಾಗಿ ಬಡಿಸುತ್ತಿದ್ದರು. ಇದು ಅವರಿಗೆ ಗೊತ್ತಿಲ್ಲದ್ದೇನಲ್ಲ. "ನನ್ನ ನಾಲಿಗೆ ದೇಸ ಸುತ್ತುತ್ತದೆ, ಕಾಲು ಮಾತ್ರ ಕುರ್ಚಿ ಬುಟ್ಟು ಏಳಲ್ಲ" ಎಂದು ತಮ್ಮನ್ನು ತಾವೇ ಹಂಗಿಸಿಕೊಂಡು ನಗುವರು. ಹಾಗೆ ನಕ್ಕ ಮೇಲೆ ಇನ್ನೂ ಜೋರಾಗಿ ಬಡಿಸುವರು.

ಈ ನಾಲಿಗೆಯೇ ಅವರನ್ನು ಕಳೆದ ಫೆಬ್ರವರಿಯಲ್ಲಿ ಮಲ್ಪೆಯಲ್ಲಿ ಸಿಕ್ಕಿಸಿಹಾಕಿತು. ಒಬ್ಬಳೇ ಮಗಳು ಭವ್ಯಶ್ರೀ ಉಡುಪಿಯ ಆಸ್ಪತ್ರೆಯೊಂದರ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿ, ಅಲ್ಲಿಯ ರಕ್ಷಿತನನ್ನು ಮೆಚ್ಚಿ ಮದುವೆಯಾದಳು. ರಕ್ಷಿತನ ತಂದೆ ವಾಮನ ಕುಂದರ್ ಮಲ್ಪೆಯಲ್ಲಿ ಬೋಟು ಇಟ್ಟವರು, ಸಮುದ್ರವನ್ನೇ ನಂಬಿದ ಮೊಗವೀರರು. ಗುರುಮಲ್ಲಪ್ಪನವರು ಮದುವೆಗೆ ಅಡ್ಡ ಬರಲಿಲ್ಲ. ಅಕ್ಷತೆ ಹಾಕಿದರು, ಫೋಟೋಗೆ ನಿಂತರು, ಹಲ್ಲು ಬಿಟ್ಟು ನಕ್ಕರು. ಊಟದ ಹೊತ್ತಿಗೆ ಮಾತ್ರ ಮೆಲ್ಲಗೆ ಜಾರಿಕೊಂಡು ರಸ್ತೆಯಾಚೆಯ ಹೋಟೆಲಿನಲ್ಲಿ ಇಡ್ಲಿ ತಿಂದು ಬಂದರು. ಬೀಗರು ಇವರಿಗೆಂದೇ ಬೇರೆ ಭಟ್ಟರನ್ನು ಕರೆಸಿ ಸೊಪ್ಪುಸದೆಯ ಅಡುಗೆ ಮಾಡಿಸಿದ್ದರು. ಆದರೇನು, ಪಕ್ಕದ ಎಲೆಗಳಲ್ಲಿ ಮೀನು ಇರುತ್ತಿತ್ತಲ್ಲ. "ಊಟ ಆಯ್ತಾ?" ಎಂದು ವಾಮನ ಕುಂದರ್ ಕೇಳಿದಾಗ "ಆಯ್ತು ಆಯ್ತು, ಭರ್ಜರಿ" ಎಂದು ಹಸಿ ಸುಳ್ಳು ಹೇಳಿ, ಮಾತು ಮರೆಸಲು ಎದುರಿಗಿದ್ದ ಸಮುದ್ರದ ಕಡೆ ಕೈ ತೋರಿಸಿದರು.

"ನಮ್ಮಲ್ಲೂ ಬೀಚ್ ಅದೆ ಬೀಗರೇ" ಎಂದರು.

"ಹೌದಾ? ಕೊಳ್ಳೇಗಾಲದಲ್ಲಾ?" ಎಂದು ಕುಂದರ್ ಹುಬ್ಬೇರಿಸಿದರು.

"ಕಾವೇರಿ ದಂಡೇಲಿ. ನಿಮ್ದಕ್ಕಿಂತ ಬೆಳ್ಳಗಿರೋ ಮರಳು, ನೀರು ಉಪ್ಪಿಲ್ಲ. ನಮ್ ಹೊಳೆಮೀನು ತಿಂದ್ರೆ ನೀವು ಸಮುದ್ರದ ಮೀನ ಮೂಸೂ ನೋಡಲ್ಲ. ಮಾರ್ಟಳ್ಳಿ ವೈನು ಕುಡಿಸ್ತೀನಿ, ಮರಡಿ ಗುಡ್ಡ ಅತ್ತುಸ್ತೀನಿ. ಬನ್ನಿ ಒಂದ್ಸಲ."

ಬೀಗರು ನಗುತ್ತಾ ತಲೆಯಾಡಿಸಿದರು. ಅವರ ಹೆಂಡತಿ ಗುಲಾಬಿ ನಗಲಿಲ್ಲ. ಇವರು ಹೋಟೆಲಿನಿಂದ ಬಾಯಿ ಒರೆಸಿಕೊಂಡು ಬರುತ್ತಿದ್ದುದನ್ನು ಆಕೆ ನೋಡಿದ್ದರು.

ಜುಲೈ ತಿಂಗಳಲ್ಲಿ ಭವ್ಯಶ್ರೀಯ ಫೋನು ಬಂತು. ಮೀನುಗಾರಿಕೆಗೆ ನಿಷೇಧದ ಕಾಲ, ಬೋಟುಗಳೆಲ್ಲ ದಕ್ಕೆಯಲ್ಲಿ ನಿಂತಿವೆ, ಅತ್ತೆ ಮಾವ ಕೊಳ್ಳೇಗಾಲ ನೋಡಬೇಕೆನ್ನುತ್ತಿದ್ದಾರೆ, ರಕ್ಷಿತನಿಗೆ ರಜೆ ಇಲ್ಲ, ತಾನೇ ಕರೆದುಕೊಂಡು ಬರುತ್ತೇನೆ ಎಂದಳು. ಗುರುಮಲ್ಲಪ್ಪನವರು ಉಬ್ಬಿಹೋಗಿ ಕಾರ್ಯಕ್ರಮ ಹೇಳತೊಡಗಿದರು. ಮಗಳು ನಡುವೆಯೇ ತಡೆದಳು.

"ಅಪ್ಪಾಜಿ, ಬೀಚು ಗೀಚು ಏನೂ ಬೇಡ. ಒಂದ್ ಹೊತ್ತು ಅವ್ರ ಜೊತೆ ಒಂದೇ ಸಾಲಲ್ಲಿ ಕೂತು ಉಣ್ಣಿ. ಅಷ್ಟು ಮಾಡಿ ಸಾಕು."

"ಅದಕ್ಕೇನವ್ವ, ಉಂಡರಾಯ್ತು."

"ಉಂಡರಾಯ್ತು ಅಂತ ಮದುವೇಲೂ ಅಂದ್ರಿ. ನಿಮ್ಮಪ್ಪನಿಗೆ ನಾವಂದ್ರೆ ಅಸಹ್ಯವಾ ಅಂತ ಅತ್ತೆ ಒಂದಿನ ಕೇಳುದ್ರು. ನಾನು ಅಡುಗೆಮನೇಲಿ ನಿಂತಿದ್ದೆ. ಏನೂ ಏಳಕ್ಕೆ ಆಗಲಿಲ್ಲ ನಂಗೆ."

ತಪ್ಪು ತಮ್ಮದೆಂದು ಗುರುಮಲ್ಲಪ್ಪನವರಿಗೆ ಗೊತ್ತಿತ್ತು, ಮಗಳ ಬಾಳು ಅದೇ ಮನೆಯಲ್ಲಿ ನಡೆಯಬೇಕೆಂದೂ ಗೊತ್ತಿತ್ತು. ಆದರೆ ಮೀನಿನ ಎಲೆಯ ಪಕ್ಕ ಕೂತು ತುತ್ತು ಎತ್ತುವುದು ಮಾತ್ರ ತಮ್ಮಿಂದ ಆಗದ ಕೆಲಸ ಎನ್ನಿಸಿತು. ಇಂಥ ಇಕ್ಕಟ್ಟಿನಲ್ಲಿ ಬೇರೆ ಗಂಡಸರು ಏನು ಮಾಡುತ್ತಾರೋ, ಇವರು ತಮ್ಮ ಕಿಂಡಿಯ ಉಪಾಯವನ್ನೇ ಹಿಡಿದರು. ಕೇಳಿದ್ದು ಒಂದಾದರೆ ಹತ್ತು ಕೊಡುವುದು. ಬೀಚು, ನಡಿಗೆ, ಮೀನು, ವೈನು ಎಲ್ಲವನ್ನೂ ಬೀಗರ ಮುಂದೆ ಸುರಿದರೆ, ತಾವು ಕೂತರೋ ನಿಂತರೋ ಯಾರಿಗೂ ಹೊಳೆಯುವುದಿಲ್ಲ ಎಂದು ಲೆಕ್ಕ ಹಾಕಿದರು. ಬಡಿಸುವವನಿಗೆ ಕೂರಲು ಪುರುಸೊತ್ತು ಎಲ್ಲಿರುತ್ತದೆ?

ಹೆಂಡತಿ ಬಸವಮ್ಮ ಇದನ್ನು ಕೇಳಿ, "ಮಗಳು ಕೇಳಿದ್ದು ಒಂದೇ ಒಂದು. ಅದನ್ನ ಬುಟ್ಟು ಮಿಕ್ಕಿದ್ದೆಲ್ಲ ಮಾಡ್ತೀರಿ" ಎಂದರು. ಗುರುಮಲ್ಲಪ್ಪನವರು ಕೇಳಿಸದವರಂತೆ ಹೊರಗೆ ಹೋದರು.

ಬೀಗರು ಶನಿವಾರ ಬಂದರು. ಅಂದು ಸಂಜೆ ಮರಡಿ ಗುಡ್ಡದ ನಡಿಗೆ. ಈ ಗುಡ್ಡವನ್ನು ಗುರುಮಲ್ಲಪ್ಪನವರು ಸಾವಿರಾರು ಜನರಿಗೆ ಶಿಫಾರಸು ಮಾಡಿದ್ದರು. ಅರ್ಧ ಹತ್ತುವಷ್ಟರಲ್ಲಿ ಅವರ ಉಸಿರು ತಿದಿಯಂತೆ ಏಳುತ್ತಾ ಬೀಳುತ್ತಾ ಇತ್ತು. ಬೋಟಿನ ಹಗ್ಗ ಎಳೆದು ಬೆಳೆದ ಕುಂದರ್ ಪಂಚೆ ಎತ್ತಿ ಕಟ್ಟಿ ಸಲೀಸಾಗಿ ಮೇಲೆ ಹೋಗಿ, ಅಲ್ಲಿಂದಲೇ ಬಗ್ಗಿ ನೋಡಿದರು.

"ಮೇಲಿಂದ ಎಂತೆಂತ ಕಾಣ್ತದೆ ಅಂತ ಹೇಳಿ ಮಾರಾಯ್ರೆ" ಎಂದು ಕೂಗಿದರು.

ಗುರುಮಲ್ಲಪ್ಪನವರು ಕಲ್ಲಿನ ಮೇಲೆ ಕುಸಿದು ಕೂತಲ್ಲಿಂದಲೇ, ತಾವು ಒಮ್ಮೆಯೂ ಕಾಣದ ನೋಟವನ್ನು ದಿಕ್ಕು ದಿಕ್ಕಾಗಿ ವರ್ಣಿಸಿದರು. ಪೂರ್ವಕ್ಕೆ ಕಾವೇರಿ ಎಂದು ಅವರು ಹೇಳಿದ ಕಡೆ ನೀರಿನ ಟ್ಯಾಂಕು ಇತ್ತೆಂದು ಕುಂದರ್ ಇಳಿದು ಬಂದ ಮೇಲೆ ತಿಳಿಯಿತು. ರಾತ್ರಿಯ ಊಟ ಬೀಗರಿಗೆ ಬೇಡವಾಗಿತ್ತು, ಪ್ರಯಾಣದ ಆಯಾಸಕ್ಕೆ ಹಾಲು ಹಣ್ಣು ತೆಗೆದುಕೊಂಡು ಮಲಗಿದರು. ಒಂದು ಹೊತ್ತು ಗೆದ್ದೆನೆಂದು ಗುರುಮಲ್ಲಪ್ಪನವರು ಸಮಾಧಾನಪಟ್ಟರು.

ಭಾನುವಾರ ಹೊಳೆಯ ದಂಡೆಯ ಊಟ. ಮನೆಯಲ್ಲಿ ಮೀನು ಬೇಯಿಸುವ ಮಾತಿಲ್ಲವಾದ್ದರಿಂದ ಗೆಳೆಯ ರಂಗನಾಯಕನಿಗೆ ವಹಿಸಿದ್ದರು. ರಂಗನಾಯಕ ಬಸ್ ನಿಲ್ದಾಣದ ಮುಂದೆ ಆಟೋ ಓಡಿಸುವವನು, ದಾಸನಪುರದ ಕಡೆಯ ಬೆಸ್ತರನ್ನೆಲ್ಲ ಬಲ್ಲವನು, ಮೀನು ಸಾರು ಕುದಿಸುವುದರಲ್ಲಿ ಪಳಗಿದ ಕೈ. ಆದರೆ ಬೆಳಗ್ಗೆಯೇ ಅವನ ಫೋನು ಬಂತು.

"ಸಾ, ಮ್ಯಾಲಿಂದ ಡ್ಯಾಮ್ ನೀರು ಬುಟ್ಟವ್ರೆ. ಒಳೆ ತುಂಬಿ ಬತ್ತಾ ಅದೆ. ತೆಪ್ಪ ಇಳ್ಸಕ್ಕೆ ಆಗಲ್ಲ, ಮೀನಿಲ್ಲ. ನಿಮ್ ಮರಳೂ ಇಲ್ಲ."

"ಮರಳಿಲ್ಲ ಅಂದ್ರೆ?"

"ಮುಳುಗೋಗ್ಬುಟ್ಟದೆ ಸಾ. ಮ್ಯಾಲೆ ಒಂಗೆಮರದ ಕೆಳಗೆ ಒಸಿ ಜಾಗ ಅದೆ, ಅಷ್ಟೇಯ. ನಾ ಅಲ್ಲೇ ಒಲೆ ಊಡಿರ್ತೀನಿ."

ಬೀಚು ಹೋಯಿತು. ಮೀನೂ ಹೋದರೆ ಗತಿಯೇನು? ಗುರುಮಲ್ಲಪ್ಪನವರು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್ ಹತ್ತಿ, ಹುಟ್ಟಿದ ಮೇಲೆ ಮೊದಲ ಬಾರಿಗೆ ಮೀನಿನಂಗಡಿಗೆ ಹೋದರು. ಹೆಲ್ಮೆಟ್ ತೆಗೆಯಲಿಲ್ಲ. ತೆಗೆದರೆ ಮಠದ ಕಡೆಯ ಯಾರಾದರೂ ನೋಡಿಯಾರೆಂಬ ಭಯ ಒಂದು, ವಾಸನೆಯ ಭಯ ಇನ್ನೊಂದು. ಅಂಗಡಿಯವನಿಗೆ ಇವರ ಮಾತು ಹೆಲ್ಮೆಟ್ಟಿನೊಳಗಿಂದ ಅರ್ಧ ಕೇಳಿತು. ಯಾವ ಮೀನು ಎಂದು ಅವನು ಕೇಳಿದರೆ, ಹೆಸರುಗಳನ್ನೆಲ್ಲ ಕಿಂಡಿಯಲ್ಲಿ ನಿರರ್ಗಳವಾಗಿ ಹೇಳುತ್ತಿದ್ದವರಿಗೆ ಯಾವ ಹೆಸರಿನ ಮುಖ ಯಾವುದೆಂದು ತಿಳಿಯಲಿಲ್ಲ. ಬೆನ್ನ ಮೇಲೆ ನೀಲಿ ಹಸಿರು ಗೆರೆ ಇರುವ, ಹೊಟ್ಟೆ ಬೆಳ್ಳಗೆ ಮಿರುಗುವ ಮೀನುಗಳು ಅವರ ಕಣ್ಣಿಗೆ ಅಚ್ಚುಕಟ್ಟಾಗಿ ಕಂಡವು. ಆ ಕಡೆ ಬೆರಳು ತೋರಿಸಿದರು. ಕೊಳ್ಳೇಗಾಲದಲ್ಲಿ ಮಾರುವ ಮೀನೆಲ್ಲ ಕಾವೇರಿಯದೇ ಎಂದು ಅವರು ನಂಬಿದ್ದರು. ಬೇರೆ ಕಡೆಯಿಂದ ಮೀನು ಯಾಕೆ ಬರಬೇಕು, ಬಂದರೂ ವಿಚಾರಣೆ ಗುರುಮಲ್ಲಪ್ಪನಿಗೆ ತಿಳಿಯದೆ ಯಾವ ಬಸ್ಸಿನಲ್ಲಿ ಬರಬೇಕು? ಚೀಲವನ್ನು ಸ್ಕೂಟರಿನ ಮುಂದೆ ಕಾಲುಗಳ ನಡುವೆ ಇಟ್ಟುಕೊಂಡು, ಅದು ಕಾಲಿಗೆ ತಾಗಿದಾಗಲೆಲ್ಲ ಮಾದಪ್ಪನನ್ನು ನೆನೆಯುತ್ತಾ ಹೊಳೆಯವರೆಗೆ ಬಂದರು.

ರಂಗನಾಯಕ ಚೀಲ ಬಿಚ್ಚಿ ನೋಡಿ, "ಸಾ, ಇದು..." ಎಂದು ಬಾಯಿ ತೆರೆದ.

"ಮಾತಾಡ್ಬೇಡ ಕಣೋ. ಬೇಯ್ಸು. ಅವ್ರು ಬಂದ್ಬುಡ್ತಾರೆ."

"ಅಲ್ಲ ಸಾ, ಬೀಗರು ಸಮುದ್ರದ ಕಡೆಯೋರಲ್ವಾ..."

"ಅದಕ್ಕೇ ಏಳಿದ್ದು, ಚೆನ್ನಾಗಿ ಬೇಯ್ಸು" ಎಂದು ಗುರುಮಲ್ಲಪ್ಪನವರು ಕೈ ತೊಳೆಯಲು ಓಡಿದರು. ಸೋಪು ಹಾಕಿ ತೊಳೆದು, ಮತ್ತೆ ಮಣ್ಣು ಹಾಕಿ ತೊಳೆದರು.

ಬಸವಮ್ಮ ಅತ್ತ ಬೇರೆ ಒಲೆ ಹೂಡಿ ಮುದ್ದೆ, ಉಪ್ಸಾರು, ಹುರುಳಿಕಾಳು ಪಲ್ಯ ಮಾಡಿದ್ದರು. ಬೀಗರು ಮಗಳೊಂದಿಗೆ ಬಂದು ಇಳಿದಾಗ ಹೊಳೆ ಕೆಂಪಗೆ, ದಂಡೆಯ ಪೊದೆಗಳನ್ನು ಮುಳುಗಿಸಿಕೊಂಡು ಓಡುತ್ತಿತ್ತು. ಕುಂದರ್ ಸೊಂಟದ ಮೇಲೆ ಕೈಯಿಟ್ಟು ಸ್ವಲ್ಪ ಹೊತ್ತು ನೋಡಿದರು.

"ಬೀಚ್ ಎಲ್ಲಿ ಉಂಟು?" ಎಂದರು.

"ಇದರ ಕೆಳಗೆ" ಎಂದು ಗುರುಮಲ್ಲಪ್ಪನವರು ನೀರನ್ನು ತೋರಿಸಿದರು.

ಕುಂದರ್ ಗಹಗಹಿಸಿ ನಕ್ಕರು. ಅದೇ ಭರದಲ್ಲಿ ಗುರುಮಲ್ಲಪ್ಪನವರು ವೈನು ತೆಗೆದರು. ಮಾರ್ಟಳ್ಳಿಯ ನಿವೃತ್ತ ಕಂಡಕ್ಟರ್ ಆರೋಗ್ಯಸ್ವಾಮಿ ಪ್ರೀತಿಯಿಂದ ಕೊಟ್ಟದ್ದು, ಶರಬತ್ತಿನ ಬಾಟಲಿಯಲ್ಲಿತ್ತು. ಕುಂದರ್ ಎರಡೂ ಕೈ ಜೋಡಿಸಿ, ತಾವು ಊರಿನ ಭಜನಾ ಮಂದಿರದ ಅಧ್ಯಕ್ಷರೆಂದೂ ಕುಡಿಯುವುದನ್ನು ಬಿಟ್ಟು ಬಹಳ ವರ್ಷವಾಯಿತೆಂದೂ ಹೇಳಿದರು. ಗುಲಾಬಿ ಒಂದು ಗುಟುಕು ಕುಡಿದು ನೋಡಿ, "ಪಾನಕದ ಹಾಗೆ ಉಂಟು, ಒಳ್ಳೇದುಂಟು" ಎಂದು ಬಸವಮ್ಮನವರ ಕಡೆ ಲೋಟ ಚಾಚಿದರು. ಬಸವಮ್ಮ ಗಂಡನ ಮುಖವನ್ನೂ ನೋಡದೆ ಒಂದು ಗುಟುಕು ಹಾಕಿದರು. ಗುರುಮಲ್ಲಪ್ಪನವರ ಮನೆತನದಲ್ಲಿ ವೈನಿನ ರುಚಿ ಬಲ್ಲವರು ಒಬ್ಬರಾದರು.

ಹೊಂಗೆಮರದ ಕೆಳಗೆ ಚಾಪೆ ಹಾಸಿ ಎಲೆ ಹಾಕಿದರು. ಸಾಲಿನಲ್ಲಿ ಕುಂದರ್, ಗುಲಾಬಿ, ಒಂದು ಎಲೆ ಖಾಲಿ, ಆಮೇಲೆ ಬಸವಮ್ಮ. ಭವ್ಯಶ್ರೀ ಕೂರಲಿಲ್ಲ. ಮೀನು ಸಾರಿನ ಪಾತ್ರೆ ಹಿಡಿದು ನಿಂತು ಅಪ್ಪನನ್ನೇ ನೋಡುತ್ತಿದ್ದಳು. ಗುರುಮಲ್ಲಪ್ಪನವರು ನೀರಿನ ಚೊಂಬು ಹಿಡಿದು ಸುಮ್ಮನೆ ಅತ್ತಿಂದಿತ್ತ ಓಡಾಡಿದರು. ತುಂಬಿದ ಲೋಟಗಳಿಗೇ ಮತ್ತೆ ನೀರು ಹಾಕಿದರು. ಮಗಳ ಕಣ್ಣು ತಪ್ಪಿಸಲು ಎಷ್ಟು ಓಡಿದರೂ ಅದು ಬೆನ್ನಿಗೆ ಅಂಟಿಕೊಂಡೇ ಇತ್ತು.

ಕುಂದರ್ ಎಲೆಯ ಮೇಲಿನ ಮೀನನ್ನು ಬೆರಳಲ್ಲಿ ಬಿಡಿಸಿ ಬಾಯಿಗಿಟ್ಟರು. ಜಗಿಯುವುದು ನಿಧಾನವಾಯಿತು. ಗುಲಾಬಿಯ ಕಡೆ ತಿರುಗಿದರು. ಆಕೆಯೂ ಅವರ ಕಡೆ ನೋಡಿದರು.

"ಎಂಗದೆ ನಮ್ ಕಾವೇರಿ ಮೀನು?" ಎಂದು ಗುರುಮಲ್ಲಪ್ಪನವರು ಕೇಳಿಯೇಬಿಟ್ಟರು.

"ಮಾರಾಯ್ರೆ, ಇದು ಬಂಗುಡೆ" ಎಂದರು ಕುಂದರ್. "ಸಮುದ್ರದ್ದು. ಐಸಲ್ಲಿ ಮಲಗಿ ಬಂದದ್ದು. ಬೋಟಿಗೆ ರಜೆ ಅಂತ ನಾನು ಬಂದೆ, ಬಂಗುಡೆ ನನ್ನ ಹಿಂದೆಯೇ ಬಂದಿದೆ."

ರಂಗನಾಯಕ ಒಲೆಯ ಹತ್ತಿರದಿಂದ, "ನಾ ಏಳಕ್ಕೆ ಬಂದೆ ಸಾ, ನೀವು ಬುಡಲಿಲ್ಲ" ಎಂದ.

ಗುರುಮಲ್ಲಪ್ಪನವರಿಗೆ ಆ ಕ್ಷಣ ಹೊಳೆಗೆ ಹಾರುವುದು ಲೇಸೆನ್ನಿಸಿತು. ಈಜು ಬಾರದೆಂಬುದು ನೆನಪಾಗಿ ಸುಮ್ಮನಾದರು. ಸಮುದ್ರದವರಿಗೆ ಸಮುದ್ರದ ಮೀನನ್ನೇ ಹಳಸಲು ಮಾಡಿ ಕಾವೇರಿಯದೆಂದು ಬಡಿಸಿದ ಮಹಾನುಭಾವ ಇಡೀ ತಾಲೂಕಿನಲ್ಲಿ ತಾವೊಬ್ಬರೇ ಇರಬೇಕು. ಎಷ್ಟು ಹುಡುಕಿದರೂ ನಾಲಿಗೆಗೆ ಒಂದು ಸುಳ್ಳೂ ಸಿಗಲಿಲ್ಲ.

"ನಂಗೆ ಗೊತ್ತಾಗ್ಲಿಲ್ಲ ಬೀಗರೇ" ಎಂದರು. "ನಾನು ಮೀನು ತಿಂದೋನಲ್ಲ. ಇವತ್ತೇ ಮೊದಲು ಆ ಅಂಗಡಿ ಮೆಟ್ಲು ಅತ್ತಿದ್ದು."

"ನೀವೇ ಹೋಗಿ ತಂದದ್ದಾ?" ಎಂದು ಗುಲಾಬಿ ಕೇಳಿದರು. ಬೆಳಗಿನಿಂದ ಆಕೆ ಇವರ ಜೊತೆ ನೇರವಾಗಿ ಆಡಿದ ಮೊದಲ ಮಾತು ಅದು.

"ಊ. ಸ್ಕೂಟರಲ್ಲಿ ಇಟ್ಕಂಡು ಬಂದೆ."

ಗುಲಾಬಿ ಪಕ್ಕದ ಖಾಲಿ ಎಲೆಯ ಮುಂದೆ ಚಾಪೆಯ ಮೇಲೆ ಬಿದ್ದಿದ್ದ ತರಗನ್ನು ಕೈಯಿಂದ ಗುಡಿಸಿದರು. "ಕೂತ್ಕೊಳ್ಳಿ ಹಾಗಾದ್ರೆ. ನೀರು ಸಾಕು ನಮಗೆ" ಎಂದರು.

ಗುರುಮಲ್ಲಪ್ಪನವರು ಚೊಂಬು ಕೆಳಗಿಟ್ಟು ಕೂತರು. ಮೀನಿನ ವಾಸನೆ ಮೂಗಿಗೆ ರಪ್ಪನೆ ಬಡಿಯಿತು. ಉಸಿರು ಬಿಗಿಹಿಡಿದರು. ಬಸವಮ್ಮ ಮುದ್ದೆ ಹಾಕಿದರು. ಅಷ್ಟರಲ್ಲಿ ಗುಲಾಬಿ ಉಪಚಾರದ ಹುರುಪಿನಲ್ಲಿ ಭವ್ಯಶ್ರೀ ಬಡಿಸಿ ಪಕ್ಕಕ್ಕಿಟ್ಟಿದ್ದ ಸೌಟು ಎತ್ತಿ, ಬೋಗುಣಿಯಲ್ಲಿ ತಂದಿಟ್ಟಿದ್ದ ಉಪ್ಸಾರಿನಲ್ಲಿ ಅದ್ದಿ, ಇವರ ಮುದ್ದೆಯ ಪಕ್ಕ ಹೊಯ್ದರು. ಅದು ಮೀನು ಸಾರಿನ ಸೌಟು. ತಿಳಿಯಾದ ಉಪ್ಸಾರಿನ ಮೇಲೆ ಕೆಂಪು ಎಣ್ಣೆ ಹರಡಿಕೊಂಡಿತು.

ಎಲ್ಲರೂ ಅದನ್ನು ನೋಡಿದರು. ಗುಲಾಬಿಯ ಕೈ ಅಲ್ಲೇ ನಿಂತುಹೋಯಿತು, ಮುಖ ಕಪ್ಪಿಟ್ಟಿತು. ಭವ್ಯಶ್ರೀ ಹೆಜ್ಜೆ ಮುಂದಿಟ್ಟವಳು ಅಲ್ಲೇ ನಿಂತಳು. ಗುರುಮಲ್ಲಪ್ಪನವರಿಗೆ ಎರಡು ದಾರಿ ಕಂಡವು, ಎರಡೂ ಅವರಿಗೆ ಚೆನ್ನಾಗಿ ಅಭ್ಯಾಸವಿದ್ದವೇ. ಫೋನು ಬಂತೆಂದು ಎದ್ದು ಹೋಗುವುದು ಒಂದು. ಹೊಟ್ಟೆ ಸರಿಯಿಲ್ಲ ಎನ್ನುವುದು ಇನ್ನೊಂದು. ಕಣ್ಣು ಮುಚ್ಚಿ ನುಂಗಿಬಿಡುವ ಮೂರನೆಯದೂ ಒಂದು ಹೊಳೆಯಿತು, ಆದರೆ ತುತ್ತಿಗೆ ಕೈ ಇಳಿಯಲಿಲ್ಲ. ಮಗಳ ಮುಖವನ್ನು ನೋಡಿದರು. ಅವಳು ಅಳುವುದೊಂದು ಬಾಕಿ.

"ಅಮ್ಮೋರೇ" ಎಂದರು ಗುಲಾಬಿಗೆ. ದನಿ ತಮ್ಮದೇ ಎಂದು ಅವರಿಗೆ ಅನ್ನಿಸಲಿಲ್ಲ. "ಇದನ್ನ ಉಣ್ಣಕ್ಕೆ ನನ್ನ ಕೈಲಾಗಲ್ಲ. ಉಟ್ಟಿದಾಗಿಂದ ಅಭ್ಯಾಸಿಲ್ಲ, ಗಂಟ್ಲಲ್ಲಿ ಇಳಿಯಲ್ಲ. ಮದುವೇಲೂ ಅಷ್ಟೇಯ ಆಗಿದ್ದು, ಬಾಯ್ಬುಟ್ಟು ಏಳಕ್ಕೆ ನಾಚ್ಕೆಯಾಗಿ ತಪ್ಪಿಸ್ಕಂಡೆ. ನಿಮ್ಮ ಮ್ಯಾಲೆ ಅಸಹ್ಯ ಇಲ್ಲ ತಾಯಿ. ಬ್ಯಾರೆ ಎಲೆ ಆಕಿ. ದೂರಕ್ಕೆ ಬ್ಯಾಡ, ಇಲ್ಲೇ ಆಕಿ, ನಿಮ್ಮ ಪಕ್ಕದಲ್ಲೇ. ನಾ ಎದ್ದೋಗಲ್ಲ."

ಗುಲಾಬಿ ಸೌಟನ್ನು ಕೆಳಗಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡರು.

"ಇಷ್ಟೇಯಾ?" ಎಂದರು. "ಇದನ್ನು ಅವತ್ತೇ ಹೇಳುದಲ್ವಾ ಮಾರಾಯ್ರೆ. ನಾನು ಎಷ್ಟು ದಿನ ತಲೆಗೆ ಹಚ್ಚಿಕೊಂಡೆ."

ಆಕೆಯೇ ಆ ಎಲೆಯನ್ನು ಮಡಚಿ ತೆಗೆದು, ಹೊಳೆಯಲ್ಲಿ ಕೈ ತೊಳೆದು ಬಂದು, ಹೊಸ ಎಲೆಯನ್ನು ತಮ್ಮ ಎಲೆಗೆ ತಾಗಿಸಿಯೇ ಹಾಸಿದರು. ಬಸವಮ್ಮನವರನ್ನು ಕೇಳಿ ಸರಿಯಾದ ಸೌಟು ಹಿಡಿದು, ಒಲೆಯ ಮೇಲಿನ ಪಾತ್ರೆಯಿಂದ ಬೇರೆ ಸಾರು ತಂದು ಬಡಿಸಿದರು. ಗುರುಮಲ್ಲಪ್ಪನವರು ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ ನುಂಗಿದರು. ವಾಸನೆ ಹಾಗೇ ಇತ್ತು, ಆದರೆ ಹಸಿವು ಅದಕ್ಕಿಂತ ಜೋರಾಗಿತ್ತು. ಎರಡನೆಯ ತುತ್ತು ಮೊದಲನೆಯದಕ್ಕಿಂತ ಸಲೀಸಾಗಿ ಇಳಿಯಿತು. ಭವ್ಯಶ್ರೀ ಪಾತ್ರೆ ಇಳಿಸಿ ಎದುರಿಗೆ ಬಂದು ಕೂತಳು, ರಂಗನಾಯಕನೂ ಎಲೆ ಹಾಕಿಕೊಂಡ.

ಎಲೆಯ ಮೇಲಿನದು ಮುಗಿಯುತ್ತಾ ಬಂದಂತೆ ಗುಲಾಬಿ ಓರೆಗಣ್ಣಿನಿಂದ ಇವರ ಕಡೆ ನೋಡಿದರು. "ಗಡಿಬಿಡಿ ಇದ್ರೆ ಏಳಿ, ಬೇಜಾರಿಲ್ಲ" ಎಂದರು.

"ನಮ್ ಕಡೆ ಸಾಲಲ್ಲಿ ಕೂತೋರು ಒಬ್ಬೊಬ್ರೆ ಏಳಂಗಿಲ್ಲ" ಎಂದು ಗುರುಮಲ್ಲಪ್ಪನವರು ಕಾಲು ಸರಿಪಡಿಸಿಕೊಂಡರು. "ನೀವೆಲ್ಲ ಎದ್ದ ಮ್ಯಾಲೇ ನಾನು."

ಕುಂದರ್ ಪಾತ್ರೆಯನ್ನು ತಮ್ಮ ಕಡೆ ಎಳೆದುಕೊಂಡು ಇನ್ನೊಂದು ಬಂಗುಡೆ ಹಾಕಿಕೊಂಡರು. "ಹಾಗಾದ್ರೆ ಇವತ್ತು ಸಂಜೆವರೆಗೂ ಕೂತ್ಕೊಳ್ಳುವ" ಎಂದು ನಿಧಾನವಾಗಿ ಮುಳ್ಳು ಬಿಡಿಸತೊಡಗಿದರು.